ನಾನೆಲ್ಲಿ ಹೋಯ್ತೀನಿ ಸ್ವಾಮಿ, ಅದೇ ಬತ್ತದೆ

ಮಂಗಳವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಅಲರ್ಜಿ ಕ್ಲಿನಿಕ್ಕಿನ ಬೆಂಚಿನ ಮೇಲೆ ನನ್ನ ಪಕ್ಕ ಕುಣಿಗಲ್ ಕಡೆಯ ರೈತರೊಬ್ಬರು ಕೂತಿದ್ದರು. ಡಾಕ್ಟ್ರು ಏನಂದ್ರು ಅಂತ ಸುಮ್ನೆ ಕೇಳಿದೆ.

"ಆ ಕಾಂಗ್ರೆಸ್ ಗಿಡದ ಹತ್ರ ಹೋಗ್ಬೇಡ ಅಂದ್ರು."

ಸ್ವಲ್ಪ ಹೊತ್ತು ಬಿಟ್ಟು, "ನಾನೆಲ್ಲಿ ಅದ್ರ ಹತ್ರ ಹೋಯ್ತೀನಿ ಸ್ವಾಮಿ, ಅದೇ ಬತ್ತದೆ," ಎಂದು ನಕ್ಕರು.

ನಾನೂ ನಕ್ಕೆ. ನಕ್ಕಿದ್ದೇ ತಪ್ಪು ಎಂಬಂತೆ ಸೀನು ಶುರುವಾಯಿತು. ನನ್ನದು ಒಂದಕ್ಕೆ ನಿಲ್ಲುವ ಸೀನಲ್ಲ. ಒಂಟಿ ಸೀನು ಅಪಶಕುನ ಅನ್ನುವವರು ನಮ್ಮನೆಗೆ ಬಂದರೆ ನಿಶ್ಚಿಂತೆಯಿಂದ ಹೊರಡಬಹುದು. ಬಿಡದೆ ಸೀನಿ, ಕಣ್ಣಲ್ಲಿ ನೀರು ಸುರಿದು, ಅಂಗುಳು ತುರಿಸಿ, ಕೊನೆಗೆ ಮೂಗು ಗಪ್ಪನೆ ಕಟ್ಟಿದ ಮೇಲೇ ಅದು ಮುಗಿಯುವುದು.

ನಲವತ್ತರವರೆಗೆ ನನಗೆ ಇದೇನೂ ಇರಲಿಲ್ಲ. ಧೂಳಿನಲ್ಲಿ ಕ್ರಿಕೆಟ್ ಆಡಿ ಬೆಳೆದವನು. ಬೆಂಗಳೂರಿನ ಹೊರವಲಯದ ಈ ಲೇಔಟಿಗೆ ಬಂದು ಎರಡು ಮಳೆಗಾಲ ಕಳೆದ ಮೇಲೆ ಶುರುವಾಯಿತು. "ಈ ವಯಸ್ಸಲ್ಲಿ ಅಲರ್ಜಿ ಬರುತ್ತಾ?" ಅಂತ ಎಲ್ಲರೂ ಕೇಳುತ್ತಾರೆ. ಬರುತ್ತೆ. ಜಾಗ ಬದಲಾದಾಗ, ಹೊಸ ಪರಾಗ ವರ್ಷಗಟ್ಟಲೆ ಮೂಗಿಗೆ ಹೋದಾಗ, ಮೈ ಒಂದು ದಿನ ಇದ್ದಕ್ಕಿದ್ದಂತೆ ಅದನ್ನು ಶತ್ರು ಅಂದುಕೊಂಡು, ಸೀನು ತುರಿಕೆ ತರಿಸುವ ಹಿಸ್ಟಮಿನ್ ಅನ್ನೋ ರಾಸಾಯನಿಕ ಸುರಿಸಲು ತೊಡಗುತ್ತದೆ. ಇದನ್ನು ವಿವರಿಸಿದರೂ ಯಾರೂ ನಂಬುವುದಿಲ್ಲ ಬಿಡಿ. ಜ್ವರ ಇಲ್ಲ, ಬ್ಯಾಂಡೇಜ್ ಇಲ್ಲ. ಕಾಯಿಲೆ ಅಂತ ತೋರಿಸೋಕೆ ಒಂದು ಒದ್ದೆ ಕರ್ಚೀಫು ಬಿಟ್ಟರೆ ಏನೂ ಇಲ್ಲ. ಆಫೀಸಿನಲ್ಲಿ ರಜೆ ಕೇಳಿದರೆ, "ಬರೀ ನೆಗಡಿ ಅಲ್ವಾ?"

ಸಲಹೆಗೆ ಮಾತ್ರ ಬರವಿಲ್ಲ. ಅತ್ತೆ ಅರಿಶಿನ ಸುಟ್ಟ ಹೊಗೆ ತೆಗೆದುಕೋ ಅಂದರು. ಕೆರಳಿದ ಮೂಗಿಗೆ ಹೊಗೆ! ಭಾವ ಜೇನುತುಪ್ಪ ಭಕ್ತ. ಸುತ್ತಮುತ್ತಲಿನ ಜೇನು ತಿಂದರೆ ಅಲ್ಲಿನ ಪರಾಗ ಮೈಗೆ ಒಗ್ಗುತ್ತದೆ ಅನ್ನುವುದು ಅವನ ಸಿದ್ಧಾಂತ. ಕೇಳೋಕೆ ಚೆನ್ನಾಗಿದೆ. ಆದರೆ ಜೇನುಹುಳ ಹೆಚ್ಚಾಗಿ ತರುವುದು ಹೂವಿನ ಅಂಟು ಪರಾಗ. ನಮ್ಮನ್ನು ಕಾಡುವುದು ಗಾಳಿಯಲ್ಲಿ ಹಾರುವ ಹಗುರ ಪುಡಿ. ಹೇಳಿದರೆ ಭಾವ ಕೇಳುವವನಲ್ಲ, ಇನ್ನೊಂದು ಬಾಟಲಿ ತಂದ. ಜೇನು ಚೆನ್ನಾಗಿತ್ತು, ಚಪಾತಿಗೆ ಹಚ್ಚಿಕೊಂಡು ತಿಂದೆವು.

ಇವರಿಬ್ಬರಿಗಿಂತ ಅಪಾಯ ಮೆಡಿಕಲ್ ಶಾಪಿನ ಹುಡುಗ. ಮೂಗು ಕಟ್ಟಿದೆ ಅಂದ ತಕ್ಷಣ ಡ್ರಾಪ್ಸ್ ಕೊಡುತ್ತಾನೆ. ಎರಡು ಹನಿ ಬಿಟ್ಟರೆ ನಿಮಿಷದಲ್ಲಿ ಸ್ವರ್ಗ. ನಾಲ್ಕೈದು ದಿನಕ್ಕಿಂತ ಜಾಸ್ತಿ ಹಾಕಿದರೆ ಆ ಡ್ರಾಪ್ಸಿನಿಂದಲೇ ಮೂಗು ಕಟ್ಟಲು ಶುರುವಾಗುತ್ತದೆ ಅನ್ನುವುದನ್ನು ಅವನು ಹೇಳಲ್ಲ. ಡಾಕ್ಟರು ಬರೆದುಕೊಡುವ ಸ್ಟಿರಾಯ್ಡ್ ಸ್ಪ್ರೇ ಬೇರೆ. ಅದು ನಿಧಾನ, ದಿನಾ ಹೊಡೆದುಕೊಳ್ಳಬೇಕು, ಪೂರ್ತಿ ಗುಣ ಕಾಣಲು ವಾರ ಬೇಕು. ಮೂಗಿನ ನಡುಗೋಡೆಗಲ್ಲ, ಹೊರಬದಿಗೆ ತಿರುಗಿಸಿ ಹೊಡೆಯಬೇಕು. ನಿಧಾನದ ಔಷಧಿಗೆ ನಮ್ಮಲ್ಲಿ ಗಿರಾಕಿ ಕಡಿಮೆ.

ಮಂಗಳವಾರದ್ದು ಸ್ಕಿನ್ ಟೆಸ್ಟು. ಅದಕ್ಕೆ ಮುಂಚೆ ಒಂದು ವಾರ ಸೆಟ್ರಿಜಿನ್ ಥರದ ಅಲರ್ಜಿ ಮಾತ್ರೆ ಯಾವುದೂ ನುಂಗುವಂತಿಲ್ಲ. ಆ ವಾರದ ಕಥೆ ಬೇಡ. ಸಿಸ್ಟರ್ ಮುಂಗೈ ಮೇಲೆ ಪೆನ್ನಿನಿಂದ ನಂಬರ್ ಬರೆದು, ಪ್ರತಿ ನಂಬರಿನ ಪಕ್ಕ ಒಂದೊಂದು ಹನಿ ಬಿಟ್ಟು, ಸಣ್ಣ ಮೊನೆಯಿಂದ ಚುಚ್ಚಿದರು. ರಕ್ತ ಬರಲ್ಲ. ಹುಲ್ಲು, ಬಳ್ಳಾರಿ ಜಾಲಿ, ಹರಳು, ಜಿರಳೆ, ಮನೆ ಧೂಳಿನ ನುಸಿ, ಕಾಂಗ್ರೆಸ್ ಗಿಡ. ಜೊತೆಗೆ ಹೋಲಿಸಿ ನೋಡಲು ಬರೀ ಉಪ್ಪುನೀರು ಒಂದು, ಹಿಸ್ಟಮಿನ್ ಒಂದು. "ಹದಿನೈದು ಇಪ್ಪತ್ತು ನಿಮಿಷ ಕೈ ಹೀಗೇ ಇಟ್ಕೊಳ್ಳಿ, ಕೆರ್ಕೋಬೇಡಿ" ಅಂದರು. ಕೆರ್ಕೋಬೇಡಿ ಅನ್ನುವುದು ಎಷ್ಟು ಸುಲಭ! ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ ಎಂಬ ಡಾಕ್ಟರು ತನ್ನ ಸೀನಿನ ಮೂಲ ಹುಡುಕಲು ತನ್ನದೇ ಚರ್ಮ ಗೀಚಿ ಹುಲ್ಲಿನ ಪರಾಗ ಹಚ್ಚಿಕೊಂಡು, 1873ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದರು. ಆತನಿಗೆ ಕೆರ್ಕೋಬೇಡಿ ಅನ್ನಲು ಸಿಸ್ಟರ್ ಕೂಡ ಇರಲಿಲ್ಲ.

ಹೀಗೆ ಕೈ ಚಾಚಿಕೊಂಡು ಕೂತಾಗಲೇ ಆ ರೈತರು ಪಕ್ಕಕ್ಕೆ ಬಂದದ್ದು. ಸೆಕೆಯಲ್ಲೂ ತುಂಬುತೋಳಿನ ಅಂಗಿ, ತಲೆಗೆ ಟವೆಲ್. ಟವೆಲ್ ಸರಿದಾಗ ಕುತ್ತಿಗೆ ಕಂಡಿತು. ಚರ್ಮ ಕಪ್ಪಾಗಿ, ದಪ್ಪಗಾಗಿ, ಗೆರೆಗಳು ಆಳಕ್ಕೆ ಇಳಿದಿದ್ದವು. ರೆಪ್ಪೆಗಳು ಊದಿ, ಕಣ್ಣು ಅರ್ಧವೇ ತೆರೆಯುತ್ತಿತ್ತು. ಮೊಣಕೈ ಮಡಿಕೆಯಲ್ಲೂ ಅದೇ ಅಂತ ಅಂಗಿ ಮೇಲೆತ್ತಿ ತೋರಿಸಿದರು. ಬಿಸಿಲು ಬಿದ್ದರೆ ಉರಿ. ಟೆಸ್ಟಿಗೆ ಅಂತ ಬೆನ್ನಿಗೆ ಪ್ಯಾಚ್ ಅಂಟಿಸಿದ್ದಾರಂತೆ, ಎರಡು ದಿನ ನೀರು ಸೋಕಿಸುವಂತಿಲ್ಲ. "ಮೈ ತೊಳ್ಕೊಳ್ದೆ ಹಟ್ಟಿಗೆ ಹೆಂಗೋಗದು" ಅನ್ನುವುದು ಅವರ ಚಿಂತೆ. ಜೊತೆಗಿದ್ದ ಮಗ ತಲೆ ಎತ್ತದೆ ಮೊಬೈಲ್ ನೋಡುತ್ತಿದ್ದ. ಅವನ ಮೇಲೆ ನನಗೆ ಸಿಟ್ಟೇ ಬಂತು. ಆಮೇಲೆ ತಿಳಿಯಿತು, ಸಂಜೆ ಡೇರಿಗೆ ಹಾಲು ಹಾಕಲು ಯಾರನ್ನು ಕಳಿಸುವುದು ಅಂತ ಊರಿನವರಿಗೆ ಮೆಸೇಜ್ ಮಾಡುತ್ತಿದ್ದನಂತೆ.

ಇಬ್ಬರಿಗೂ ಒಂದೇ ಗಿಡ. ನನಗೆ ಪರಾಗ ಮೂಗಿಗೆ, ಅವರಿಗೆ ಗಿಡದ ಪುಡಿ ಚರ್ಮಕ್ಕೆ. ನನ್ನ ಕೈ ಮೇಲೆ ಅದರ ನಂಬರಿನ ಹತ್ತಿರ ದೊಡ್ಡ ದದ್ದು ಎದ್ದಿತ್ತು. ಮೂರು ಮಿಲಿಮೀಟರ್ ಆದರೆ ಸಾಕು ಅಲರ್ಜಿ ಅನ್ನಲು. ಇದು ಹಿಸ್ಟಮಿನ್ ಹನಿಯ ದದ್ದನ್ನೂ ಮೀರಿಸಿತ್ತು. ಡಾಕ್ಟರು ನನಗೂ ಅದೇ ಹೇಳಿದರು. ಆ ಗಿಡದಿಂದ ದೂರ ಇರಿ, ಬೆಳಗ್ಗೆ ಕಿಟಕಿ ಮುಚ್ಚಿ, ಹೊರಗಿಂದ ಬಂದು ಸ್ನಾನ ಮಾಡಿ, ಬಟ್ಟೆ ಹೊರಗೆ ಒಣಗಿಸಬೇಡಿ. ಒಳ್ಳೆಯ ಡಾಕ್ಟರೇ, ಕೂರಿಸಿಕೊಂಡು ಮಾತಾಡಿದರು. ತಪ್ಪೇನೂ ಹೇಳಲಿಲ್ಲ. ಆದರೆ ಅವರು ಹೇಳುತ್ತಿದ್ದಾಗ ನನಗೆ ಕೇಳುತ್ತಿದ್ದದ್ದು ಇನ್ನೊಂದೇ ಮಾತು. ನಾನೆಲ್ಲಿ ಹೋಯ್ತೀನಿ ಸ್ವಾಮಿ.

ಅದು ಬಂದ ದಾರಿಯಾದರೂ ನೋಡಿ. ಮೆಕ್ಸಿಕೋ ಕಡೆಯ ಕಳೆ. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಿದರು, ಅಮೆರಿಕದಿಂದ ತರಿಸಿದ ಗೋಧಿಯ ಜೊತೆ ಬಂತು ಅನ್ನುತ್ತಾರೆ. ಒಂದು ಗಿಡಕ್ಕೆ ಸಾವಿರಾರು ಬೀಜ. 1984ರಲ್ಲಿ ಅದನ್ನು ತಿನ್ನಲೆಂದೇ ಮೆಕ್ಸಿಕೋದ ಪುಟ್ಟ ಗೆರೆಮೈ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ನಮ್ಮ ಲೇಔಟಿನಲ್ಲೂ ಕಾಣುತ್ತವೆ, ಎಲೆಯನ್ನು ಜರಡಿ ಮಾಡಿ ಹಾಕುತ್ತವೆ. ಒಣ ದಿನ ಬಂದರೆ ಮಣ್ಣಿಗಿಳಿದು ಮಲಗುತ್ತವೆ. ಗಿಡ ಮಾತ್ರ ಒಂದು ಮಳೆ ಬಿದ್ದರೆ ಸಾಕು, ಮತ್ತೆ ಎದ್ದು ನಿಲ್ಲುತ್ತದೆ.

ಕುಣಿಗಲ್ಲಿನವರ ರಾಗಿ ಹೊಲದ ಬದುವಿನಲ್ಲಿ ಅದು ಇದ್ದರೆ ಅರ್ಥವಾಗುತ್ತದೆ. ಒಬ್ಬ ಮನುಷ್ಯ ಎಷ್ಟು ಅಂತ ಕೀಳುತ್ತಾನೆ? ನಮ್ಮ ಲೇಔಟಿನಲ್ಲಿ ಎಲ್ಲಿದೆ ಗೊತ್ತಾ? ಖಾಲಿ ಸೈಟುಗಳಲ್ಲಿ. ಮನೆ ಕಟ್ಟಲ್ಲ, ಮಾರಲ್ಲ, ರೇಟ್ ಏರಲಿ ಅಂತ ಬಿಟ್ಟಿರುತ್ತಾರೆ. ಮುಳ್ಳುತಂತಿ ಹಾಕಿಸಲು ದುಡ್ಡಿರುತ್ತದೆ, "ಈ ಸೈಟು ಮಾರಾಟಕ್ಕಿಲ್ಲ" ಅಂತ ಬೋರ್ಡ್ ಬರೆಸಲು ದುಡ್ಡಿರುತ್ತದೆ, ಕಳೆ ಕೀಳಿಸಲು ಇರಲ್ಲ. ಲಾಭ ಬಂದರೆ ಅವರದು, ಪರಾಗ ನಮ್ಮದು. ದೂರ ಇರಿ ಅಂತ ನನಗೆ ಚೀಟಿ ಬರೆದುಕೊಡುತ್ತಾರೆ, ಅವರಿಗೆ ಯಾರೂ ಚೀಟಿ ಬರೆಯಲ್ಲ.

ಬುಧವಾರ ನಮ್ಮ ಪಕ್ಕದ ಸೈಟಿನ ಯಜಮಾನರಿಗೆ ಫೋನ್ ಮಾಡಿದೆ. "ನೀವೇ ಯಾರನ್ನಾದರೂ ಹಿಡಿದು ಮಾಡಿಸಿಬಿಡಿ, ಆಮೇಲೆ ನೋಡೋಣ" ಅಂದರು. ಆ "ಆಮೇಲೆ ನೋಡೋಣ"ದ ಬೆಲೆ ಎಲ್ಲರಿಗೂ ಗೊತ್ತು. ಶುಕ್ರವಾರ ಇಬ್ಬರು ಹೆಂಗಸರು ಬಂದರು. ಹಿಂದಿನ ದಿನ ಮಳೆಯಾಗಿದ್ದರಿಂದ ಬೇರುಸಮೇತ ಬರುತ್ತಿತ್ತು. ಹೂ ಬಿಡುವ ಮುಂಚೆ ಕೀಳಿಸಬೇಕಿತ್ತು, ಅರ್ಧ ಗಿಡ ಆಗಲೇ ಬೆಳ್ಳಗಾಗಿತ್ತು. ನಾನು ಗ್ಲೌಸು, ಮಾಸ್ಕು ತಂದುಕೊಟ್ಟೆ. ಗ್ಲೌಸಿನಲ್ಲಿ ಹಿಡಿತ ಸಿಗಲ್ಲಣ್ಣ ಅಂತ ಒಬ್ಬಾಕೆ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಸೆರಗು ಮೂಗಿಗೆ ಕಟ್ಟಿಕೊಂಡು, ನಾನು ಸೀನುವುದನ್ನು ನೋಡಿ, "ನೀವು ಒಳಕ್ಕೆ ಹೋಗಿ ಸಾರ್, ನಿಮಗೆ ಆಗಲ್ಲ ಇದು" ಎಂದರು. ಅವರಿಗೆ ಆಗುತ್ತದೆ ಅಂತ ಯಾರು ಹೇಳಿದ್ದು?

ಇಂಜೆಕ್ಷನ್ ಕೋರ್ಸ್ ತೆಗೆದುಕೊಳ್ಳುತ್ತೀರಾ ಅಂತ ಡಾಕ್ಟರು ಕೇಳಿದ್ದಾರೆ. ಆಗದ ವಸ್ತುವನ್ನೇ ಚೂರುಚೂರೇ ಕೊಟ್ಟು ಮೈಗೆ ಒಗ್ಗಿಸುವುದು. ಕಡಿಮೆಯೆಂದರೂ ಮೂರು ವರ್ಷ. ಮುಂದಿನ ವಾರ ಹೇಳಬೇಕು. ಹೆಂಡತಿಯನ್ನು ಕೇಳಿದೆ. "ತಗೊಳ್ಳಿ, ಆದ್ರೆ ಮೂರು ವರ್ಷದಲ್ಲಿ ಆ ಸೈಟಲ್ಲಿ ಮನೆ ಕಟ್ಟೋಕೆ ಶುರು ಮಾಡ್ತಾರೆ. ಸಿಮೆಂಟ್ ಧೂಳಿಗೂ ಇಂಜೆಕ್ಷನ್ ಇದೆಯಾ ಕೇಳ್ಕೊಂಡು ಬನ್ನಿ" ಅಂದಳು.