ಏಕತಾರಿ ಎಲ್ಲಿ ಹೋತು?

"ತಮ್ಮಾ, ನನ್ನ ಏಕತಾರಿ ಎಲ್ಲಿ ಹೋತು?"

ಮೊನ್ನೆ ಅಮಾವಾಸ್ಯೆ ರಾತ್ರಿ ಫೋನ್ ಎತ್ತಿದ ಕೂಡಲೇ ಭಜನಾ ಮೇಳದ ತಾತ ಕೇಳಿದ್ದು ಇದನ್ನೇ. ಹಿಂದೆ ಮಠದ ಹಾರ್ನಿನಲ್ಲಿ ಅವರದೇ ತತ್ವಪದ ಓಡುತ್ತಿತ್ತು. ದಮ್ಮಡಿ ಇತ್ತು, ತಾಳ ಇತ್ತು, ಹಾರ್ಮೋನಿಯಂ ಇತ್ತು. ಏಕತಾರಿ ಸಣ್ಣಗೆ ಕೇಳುತ್ತಿದೆ ಅಂತಲ್ಲ, ಇರಲೇ ಇಲ್ಲ.

ತೀನ್ ಕಂದೀಲ್ ಹತ್ತಿರದ ಗಲ್ಲಿಯಲ್ಲಿ ನನ್ನದು ಒಂದೇ ಕೋಣೆಯ ಸ್ಟುಡಿಯೋ. ರಾಯಚೂರಿನ ಬಿಸಿಲಲ್ಲಿ ಫ್ಯಾನ್ ಆರಿಸಿ ರೆಕಾರ್ಡಿಂಗಿಗೆ ಕೂರುವುದೆಂದರೆ ಏನೆಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಮಾನ್ವಿ ಕಡೆಯ ಆ ಭಜನಾ ಮೇಳದವರು ಬೆವರು ಒರೆಸಿಕೊಳ್ಳುತ್ತಲೇ ಹಾಡಿದ್ದರು. ತಾತನ ಮೊಮ್ಮಗನದು ಒಂದೇ ಜಪ: "ಅಣ್ಣಾ, ಸೌಂಡ್ ಜಬರ್ದಸ್ತ್ ಇರ್ಬೇಕ್ ನೋಡು." ಹುಡುಗ ಒಳ್ಳೆಯವನೇ, ಆದರೆ ಅವನ ಕಿವಿ ಇರುವುದು ರೀಲ್ಸ್‌ನಲ್ಲಿ. ಅವನನ್ನು ಮೆಚ್ಚಿಸಲು ಹೋಗಿ ನಾನು ಕೆಟ್ಟೆ.

ಏಕತಾರಿಗೆ ಇಟ್ಟಿದ್ದು ಒಂದೇ ಮೈಕು. ಅಗಲವಾಗಿ ಕೇಳಲಿ ಎಂದು ಆ ಟ್ರ್ಯಾಕಿನ ನಕಲು ಮಾಡಿ, ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ತಳ್ಳಿ, ಬಲದ್ದರ ಫೇಸ್, ಅಂದರೆ ಅಲೆಯ ಏರಿಳಿತ, ಉಲ್ಟಾ ಮಾಡಿದ್ದೆ. ಹೆಡ್‌ಫೋನಿನಲ್ಲಿ ತಂತಿ ತಲೆಯ ಸುತ್ತ ಮಿಡಿದಂತೆ ಇತ್ತು. ಮಠದ ಆಂಪ್ಲಿಫೈಯರಿಗೆ ಎಡ, ಬಲ ಎರಡೂ ಒಂದೇ ವೈರಿನಲ್ಲಿ ಕೂಡಿಕೊಂಡು ಹೋಗುತ್ತವೆ. ಒಂದರ ಅಲೆ ಏರಿದಷ್ಟೇ ಇನ್ನೊಂದರದು ಇಳಿಯುತ್ತದೆ. ಕೂಡಿದರೆ ಸೊನ್ನೆ. ಎಲ್ಲ ಟ್ರ್ಯಾಕು ಕೂಡಿ ಹೊರಬರುವ ಮಾಸ್ಟರಿನಲ್ಲಿ, ಎಡ ಬಲ ಒಂದಾಗಿಸಿ ಕೇಳಿಸುವ ಮೋನೋ ಬಟನ್ ಒಮ್ಮೆ ಒತ್ತಿದ್ದರೂ ಸಿಕ್ಕಿಬೀಳುತ್ತಿದ್ದ ತಪ್ಪು.

ಏನೇನೋ ತೊದಲಿದೆ. ತಾತ ಎಲ್ಲ ಕೇಳಿಸಿಕೊಂಡು, "ಪೂರಾ ಕೇಳೇ ಕೊಟ್ಟೀಯಿಲ್ಲೋ?" ಅಂದರು.

"ಹೂಂ ತಾತಾ" ಅಂದೆ. ಸುಳ್ಳು. ಎಕ್ಸ್‌ಪೋರ್ಟ್ ಒತ್ತಿ ಚಹಾ ತರಲು ಹೋಗಿದ್ದೆ. ಬರುವಷ್ಟರಲ್ಲಿ ಏಳು ನಿಮಿಷದ ಹಾಡು ಫೈಲ್ ಆಗಿ ಕೂತಿತ್ತು. ಮೊದಲ ಅರ್ಧ ನಿಮಿಷ ಕೇಳಿ ವಾಟ್ಸಾಪ್ ಮಾಡಿದ್ದೆ.

2013ರಲ್ಲಿ ಪ್ರೊ ಟೂಲ್ಸ್ 11 ಬರುವ ತನಕ ಆ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಬೌನ್ಸ್, ಅಂದರೆ ಹಾಡನ್ನು ಫೈಲ್ ಮಾಡುವುದು, ಮುಗಿಯಲು ಹಾಡು ಓಡಿದಷ್ಟು ಹೊತ್ತು ಕೂತಿರಬೇಕಿತ್ತು. ನಾನು ಕಲಿತದ್ದು ಅದರಲ್ಲೇ. ಕಲಿಸಿದವರು ಆಗ ಕಣ್ಣು ಮುಚ್ಚಿ ಕೂರುತ್ತಿದ್ದರು. ನಿದ್ದೆ ಹೊಡೀತಾರೆ ಅಂತ ನಾವು ಹುಡುಗರು ನಗುತ್ತಿದ್ದೆವು. ಹಾಡು ಓಡಿಸದೆ ಸರ್ರನೆ ಫೈಲ್ ಮಾಡುವ ಆಫ್‌ಲೈನ್ ಬೌನ್ಸಿನಲ್ಲಿ ಸದ್ದು ಕೆಡುತ್ತದೆ ಎನ್ನುವವರು ಈಗಲೂ ಇದ್ದಾರೆ. ಅದು ಬರೀ ಮಡಿ. ಹೊರಗಿನ ಕಂಪ್ರೆಸರಿನಂಥ ಯಂತ್ರದೊಳಗೆ ಸದ್ದು ಹಾಯಿಸುವುದಿದ್ದರೆ ಮಾತ್ರ ರಿಯಲ್ ಟೈಮ್ ಬೇಕೇಬೇಕು, ನನ್ನ ಕೋಣೆಯಲ್ಲಿ ಅಂಥದ್ದೇನೂ ಇಲ್ಲ. ಆದರೂ ಆ ಏಳು ನಿಮಿಷ ನನ್ನನ್ನು ಕಟ್ಟಿ ಕೂರಿಸುತ್ತಿತ್ತಲ್ಲ! ಊರಿಗೆಲ್ಲ ಕೇಳಿಸುವ ಹಾಡನ್ನು ಮೊದಲು ಕೇಳಬೇಕಾದವನು ನಾನು. ಎಷ್ಟು ಮದುವೆ ಹಾಡು, ಎಷ್ಟು ಚುನಾವಣೆ ಹಾಡು ಹೀಗೆ ಕೇಳದೇ ದಾಟಿಸಿದ್ದೇನೋ. ಅವರ್ಯಾರೂ ಫೋನ್ ಮಾಡಲಿಲ್ಲ, ಅಷ್ಟೇ.

ನಿನ್ನೆ ತಾತ ಬಸ್ಸು ಹತ್ತಿ ಬಂದೇಬಿಟ್ಟರು, ಮೊಮ್ಮಗನನ್ನು ಬಿಟ್ಟು. ನಕಲು ಟ್ರ್ಯಾಕ್ ಕಿತ್ತು ಹಾಕಿದೆ. ಜಬರ್ದಸ್ತ್‌ಗೆಂದು ಮಾಸ್ಟರಿಗೆ ಹಾಕಿದ್ದ, ಸದ್ದನ್ನು ಒತ್ತಿ ಜೋರಾಗಿಸುವ ಲಿಮಿಟರ್ ತೆಗೆದು, ಸದ್ದಿನ ತುದಿ (ಪೀಕ್) ಮೈನಸ್ 6 ಡೆಸಿಬೆಲ್ ಹತ್ತಿರ ನಿಲ್ಲುವಂತೆ ಇಳಿಸಿದೆ. ಎಲ್ಲ ಟ್ರ್ಯಾಕುಗಳನ್ನೂ ಒಟ್ಟಿಗೆ ಸಾಗಿಸುವ ಒಂದು ಸಾಫ್ಟ್‌ವೇರ್ ದಾರಿಗೆ (ಅದಕ್ಕೂ ಬಸ್ ಅಂತಲೇ ಹೆಸರು) ಕಳಿಸಿ, ಹೊಸ ಸ್ಟೀರಿಯೋ ಟ್ರ್ಯಾಕ್ ತೆರೆದು, ರೆಕಾರ್ಡ್ ಒತ್ತಿದೆ. ಮೂರನೇ ನಿಮಿಷದಲ್ಲಿ ದಮ್ಮಡಿಯ ಒಂದು ಪೆಟ್ಟು ಮಾತಿನ ಮೇಲೆ ಬಿತ್ತು. ತಾತ ನನ್ನತ್ತ ತಿರುಗಿದರು. ನಿಲ್ಲಿಸಿ, ಆ ಪೆಟ್ಟು ತಗ್ಗಿಸಿ, ಎರಡು ಸಾಲು ಹಿಂದಿನಿಂದ ಮತ್ತೆ ಹಿಡಿದೆ. ಹೀಗೆ ಹಾಡು ಓಡಿಸುತ್ತಲೇ ಹೊಸ ಟ್ರ್ಯಾಕಿಗೆ ರೆಕಾರ್ಡ್ ಮಾಡುವುದಕ್ಕೆ ಪ್ರಿಂಟ್ ಅನ್ನುತ್ತೇವೆ. ಅದರಲ್ಲಿ ಇದೊಂದು ಸುಖ, ಕೆಟ್ಟ ಜಾಗದಿಂದಲೇ ಮುಂದುವರಿಸಬಹುದು.

ಪದ ಮುಗಿಯಿತು. ತಾಳ ನಿಂತಿತು. ನನ್ನ ಬೆರಳು ಸ್ಪೇಸ್ ಬಾರಿನ ಮೇಲಿತ್ತು. ತಾತ ಕೈ ಎತ್ತಿದರು. ಏಕತಾರಿಯ ಕೊನೆಯ ಮೀಟು ಸ್ಪೀಕರಿನಲ್ಲಿ ಇನ್ನೂ ಎಳೆಯಾಗಿ ಉಳಿದಿತ್ತು. ಅದು ಪೂರ್ತಿ ಆರಿದ ಮೇಲೆ ಕೈ ಇಳಿಸಿ ಕೇಳಿದರು:

"ಇದಕ್ಕ ಬ್ಯಾರೆ ರೊಕ್ಕ ಐತೇನು?"