ನದಿ ನೀರು ಸಂಜೆ ವಾಪಸ್ ಬರುತ್ತಾ, ಮಿಸ್?

ನನ್ನೂರು ಚಿತ್ರದುರ್ಗ. ಮನೆ ಬಾಗಿಲು ತೆಗೆದರೆ ಬಂಡೆ, ಬೆಟ್ಟ, ಕೋಟೆ ಗೋಡೆ. ದಾವಣಗೆರೆಯಲ್ಲಿ ಒಂಬತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದ ಮೇಲೆ ಮಾಲ್ಡೀವ್ಸ್‌ನ ಒಂದು ಪುಟ್ಟ ದ್ವೀಪಕ್ಕೆ ಭೂಗೋಳದ ಟೀಚರ್ ಆಗಿ ಹೋದೆ. ಮೂರು ವರ್ಷ ಅಲ್ಲಿದ್ದೆ. ದ್ವೀಪದ ಈ ತುದಿಯಿಂದ ಆ ತುದಿಗೆ ಕಾಲು ಗಂಟೆ ನಡಿಗೆ, ಅಷ್ಟೇ.

ಹೋಗುವಾಗ ನನಗಿದ್ದ ಭಯ ಇಂಗ್ಲಿಷ್‌ದು. ಅಲ್ಲಿ ಹೆಚ್ಚಿನ ವಿಷಯಗಳನ್ನು ಇಂಗ್ಲಿಷ್‌ನಲ್ಲೇ ಕಲಿಸಬೇಕು. ಆದರೆ ತೊಡಕು ಬಂದದ್ದು ಬೇರೆ ಕಡೆಯಿಂದ.

8ನೇ ತರಗತಿಗೆ ಸಮೋನ್ನತ ರೇಖೆ, ಅಂದರೆ ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಂಟೂರ್ ಗೆರೆಗಳ ಪಾಠ. ದಾವಣಗೆರೆಯಲ್ಲಿ ಎಷ್ಟೋ ಸಲ ಮಾಡಿದ್ದೆ. ಬೋರ್ಡಿನ ಮೇಲೆ ಒಂದರೊಳಗೊಂದು ಸುತ್ತು ಬರೆದು, ಇದು ಬೆಟ್ಟ, ಇದು ಅದರ ನೆತ್ತಿ, ಗೆರೆ ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು ಅಂತ ಹೇಳಿದೆ. "ಅರ್ಥ ಆಯ್ತಾ?" ಅಂದೆ. "ಎಸ್ ಮಿಸ್" ಅಂದರು. ಟೆಸ್ಟ್ ಕೊಟ್ಟರೆ ಅರ್ಧಕ್ಕರ್ಧ ಹಾಳೆ ಖಾಲಿ. ಒಬ್ಬ ಹುಡುಗ ಮಾತ್ರ ನನ್ನ ಸುತ್ತುಗಳನ್ನು ಹಾಗೇ ಬರೆದು, ಹೊರಗೆ ಹೋದಂತೆ ನೀಲಿ ಬಣ್ಣ ಗಾಢ ಮಾಡಿ, ಕೆಳಗೆ 'ಹವಳದ ದಿಬ್ಬ' ಅಂತ ಬರೆದಿದ್ದ. ನಾನು ಸೊನ್ನೆ ಹಾಕಿದೆ.

ನಮ್ಮ ವಿಭಾಗದ ಲೀಡಿಂಗ್ ಟೀಚರ್ ಆ ಹಾಳೆ ಹಿಡಿದುಕೊಂಡು ಬಂದರು. ಅಲ್ಲಿಯವರೇ. "ಇದಕ್ಕೆ ಯಾಕೆ ಸೊನ್ನೆ?" ಅಂತ ಮೆಲ್ಲಗೆ ಕೇಳಿದರು. ಆ ಹುಡುಗನ ತಂದೆ ಮೀನು ಹಿಡಿಯುವವರು. ಎಲ್ಲಿ ನೀರು ತೆಳು, ಎಲ್ಲಿ ಆಳ ಅಂತ ತಿಳಿಯದೆ ದೋಣಿ ನಡೆಸುವುದಕ್ಕೆ ಆಗೋದಿಲ್ಲ. (ದೋಣಿಗೆ ಅವರೂ 'ಧೋನಿ' ಅಂತಲೇ ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ಎಷ್ಟು ಖುಷಿಯಾಯಿತು ಗೊತ್ತಾ!) ಹುಡುಗ ನನ್ನ ಗೆರೆಗಳನ್ನು ಸರಿಯಾಗಿಯೇ ಓದಿದ್ದ. ಎತ್ತರದ ಬದಲು ಆಳವಾಗಿ ಓದಿದ್ದ. ಆ ದೇಶದ ನೆಲದಲ್ಲಿ ನೂರಕ್ಕೆ ಎಂಬತ್ತರಷ್ಟು ಸಮುದ್ರಮಟ್ಟದಿಂದ ಒಂದು ಮೀಟರಿಗಿಂತ ತಗ್ಗಿನಲ್ಲಿದೆ. ಬೆಟ್ಟ ಅನ್ನುವುದನ್ನೇ ಕಾಣದ ಮಕ್ಕಳಿಗೆ ನಾನು ಬೆಟ್ಟದ ನಕ್ಷೆ ಕಲಿಸಲು ಹೊರಟಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ. ದಾವಣಗೆರೆಯಲ್ಲಿ "ಹೂಂ ಟೀಚರ್" ಅಂದ ಮಕ್ಕಳಲ್ಲಿ ಎಷ್ಟು ಜನಕ್ಕೆ ನಿಜವಾಗಿ ಅರ್ಥವಾಗಿತ್ತೋ ಅಂತ ಯೋಚನೆ.

ಮಾರನೇ ದಿನ ಬಟ್ಟೆ ನೆನೆಸುವ ದೊಡ್ಡ ಟಬ್ ಒಂದನ್ನು ಕ್ಲಾಸಿಗೆ ಒಯ್ದೆ. ಮಕ್ಕಳು ಒದ್ದೆ ಮರಳು ತಂದು ಅದರಲ್ಲಿ ದಿಬ್ಬ ಮಾಡಿದರು. ಒಂದು ಕಡೆ ಕಡಿದು, ಇನ್ನೊಂದು ಕಡೆ ಸಪಾಟು. ಅಂಚಿನಿಂದ ಮೆಲ್ಲಗೆ ಒಂದು ಮಗ್ ನೀರು ಹಾಕಿದೆವು. ನೀರು ಮರಳನ್ನು ಮುಟ್ಟಿದ ಕಡೆಯೆಲ್ಲ ಸುತ್ತಲೂ ಬೆಂಕಿಕಡ್ಡಿ ಚುಚ್ಚಿದರು. ಇನ್ನೊಂದು ಮಗ್, ಇನ್ನೊಂದು ಸುತ್ತು ಕಡ್ಡಿ. ಕೊನೆಗೆ ನೀರು ಮೊಗೆದು ತೆಗೆದೆವು. ಅದೇ ಹುಡುಗ ಬೆಂಚ್ ಹತ್ತಿ ಮೇಲಿನಿಂದ ನೋಡಿದ. "ಇಲ್ಲಿ ಕಡ್ಡಿ ಸಾಲು ದೂರ ದೂರ ಇದೆ ಮಿಸ್, ಯಾಕಂದ್ರೆ ಇಲ್ಲಿ ಇಳಿಜಾರು ಕಮ್ಮಿ" ಅಂದ. ನಾನು ಬಾಯಿ ತೆರೆಯಬೇಕಾಗೇ ಬರಲಿಲ್ಲ. ಅವನ ಸೊನ್ನೆ ಅಳಿಸಿ, ಪೂರ್ತಿ ಅಂಕ ಕೊಟ್ಟೆ.

ಅಲ್ಲಿಂದ ಮುಂದೆ ಯಾವ ಪಾಠಕ್ಕೂ ಮೊದಲು ಹತ್ತು ನಿಮಿಷ ಬರೀ ಕೇಳುವುದಕ್ಕೆ ಇಟ್ಟೆ. ಹರಿಹರದ ತುಂಗಭದ್ರೆಯ ವಿಡಿಯೋ ತೋರಿಸಿದ ದಿನ ಒಬ್ಬಳು ಕೇಳಿದಳು, "ನದಿ ನೀರು ಸಂಜೆ ವಾಪಸ್ ಬರುತ್ತಾ ಮಿಸ್?" ಆ ದೇಶದಲ್ಲಿ ನದಿಯೇ ಇಲ್ಲ. ಅವಳು ಕಂಡ ನೀರೆಲ್ಲ ಏರಿ ಇಳಿಯುವ ನೀರು. ಅವಳ ಪ್ರಶ್ನೆಯಿಂದಲೇ ಪಾಠ ಶುರು ಮಾಡಿದೆ. 'ಅಟಾಲ್' (ಉಂಗುರದಂತಿರುವ ಹವಳದ ದ್ವೀಪಗಳ ಸಾಲು) ಅನ್ನುವ ಪದ ಅವರ ಧಿವೇಹಿ ಭಾಷೆಯಿಂದಲೇ ಇಂಗ್ಲಿಷ್‌ಗೆ ಹೋದದ್ದು ಅಂತ ಹೇಳಿದ ದಿನ ಕ್ಲಾಸೆಲ್ಲ ನೆಟ್ಟಗೆ ಕೂತಿತ್ತು.

ಹೋಗಬೇಕು ಅಂದುಕೊಂಡವರಿಗೆ ಎರಡು ಮಾತು. ಸಂಬಳ ಅಲ್ಲಿಯ ಹಣ ರುಫಿಯಾದಲ್ಲಿ ಬರುತ್ತದೆ. ಅದನ್ನು ಡಾಲರ್ ಮಾಡಿಸಿ ಊರಿಗೆ ಕಳಿಸೋದು ಸುಲಭವಲ್ಲ, ಸಹಿ ಹಾಕುವ ಮೊದಲೇ ಕೇಳಿಕೊಳ್ಳಿ. ವಸತಿ, ವಿಮಾನದ ಖರ್ಚು ಯಾರದ್ದು ಅನ್ನುವುದು ಕರಾರಿನಲ್ಲಿ ಬರೆದಿರಲಿ. ರಜೆ ಶುಕ್ರವಾರ, ಶನಿವಾರ. ಭಾನುವಾರ ಊರಿನಲ್ಲಿ ಮನೆಮಂದಿಯೆಲ್ಲ ಸೇರಿ ಊಟ ಮಾಡುವ ಹೊತ್ತಿಗೆ ನಾನು ಕ್ಲಾಸಿನಲ್ಲಿ ಇರುತ್ತಿದ್ದೆ. ಅದು ಕೊನೆವರೆಗೂ ರೂಢಿಯಾಗಲಿಲ್ಲ.

ಈಗ ಹೊಸದುರ್ಗ ತಾಲ್ಲೂಕಿನಲ್ಲಿ, ವಾಣಿವಿಲಾಸ ಸಾಗರದ ಹಿನ್ನೀರಿಗೆ ಹತ್ತಿರದ ಶಾಲೆಯಲ್ಲಿದ್ದೇನೆ. ವೇದಾವತಿಗೆ ಕಟ್ಟಿದ, 1907ರಲ್ಲಿ ಮುಗಿದ ಅಣೆಕಟ್ಟು. ಇಲ್ಲಿಯ ಮಕ್ಕಳಿಗೆ ಬೆಟ್ಟ ಹೊಸದಲ್ಲ. ಆದರೂ ಕಂಟೂರ್ ಪಾಠದ ದಿನ ಮೊದಲು ಕೇಳಿದೆ, "ಬೇಸಿಗೆಯಲ್ಲಿ ಹಿನ್ನೀರಿನ ದಡ ನೋಡಿದ್ದೀರಾ?"

"ಗೆರೆ ಗೆರೆ ಬಿದ್ದಿರುತ್ತೆ ಟೀಚರ್, ನೀರು ಇಳಿದಂಗೆಲ್ಲ."

ಆ ಗೆರೆಗಳಿಗೇ ಅಂಕಿ ಕೊಟ್ಟೆವು. ತುಂಬಿದ ಮಟ್ಟ 130 ಅಡಿ, ಅದರ ಕೆಳಗೆ 120, 110. 1933ರ ನಂತರ 89 ವರ್ಷಕ್ಕೆ, 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿದ್ದದ್ದು ಎಲ್ಲರಿಗೂ ಗೊತ್ತು. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಹಂಗಾದ್ರೆ ಟೀಚರ್, ಆ 130ರ ಗೆರೆ ನಮ್ಮ ತಾತನ ತೋಟದಾಗೆ ಹೋಗುತ್ತಾ? ಆ ವರ್ಷ ಮಂಡಿಮಟ ನೀರು ನಿಂತಿತ್ತು."

ಶನಿವಾರ ಬೆಳಗಿನ ಕ್ಲಾಸ್ ಬಿಟ್ಟ ಮೇಲೆ ನಕ್ಷೆ ಹಿಡಿದುಕೊಂಡು ಅವಳ ಜೊತೆ ಆ ತೋಟಕ್ಕೇ ಹೋದೆವು. ತೆಂಗಿನ ಮರದ ಬುಡದಲ್ಲಿ ನೀರು ನಿಂತ ಗುರುತನ್ನು ತಾತ ಕೈಯಿಟ್ಟು ತೋರಿಸಿದರು.