ಎರಡು ಮನೆಯ ಶ್ರುತಿ ಮತ್ತು ಮೈಲ್ಸ್ ಡೇವಿಸ್

ಅಮೆರಿಕದಲ್ಲಿದ್ದ ನನ್ನ ಸೋದರಮಾವ ಹನ್ನೆರಡು ವರ್ಷಗಳ ಹಿಂದೆ ಅಲ್ಲಿಯ ಮನೆಯನ್ನು ಖಾಲಿಮಾಡಿಕೊಂಡು ಬೆಂಗಳೂರಿಗೆ ಮರಳಿದಾಗ ತಮ್ಮ ಹಳೆಯ ಟರ್ನ್‌ಟೇಬಲ್ಲನ್ನು ನನ್ನ ಪಾಲಿಗೆ ಬಿಟ್ಟುಕೊಟ್ಟರು. ಅದು ಅಲ್ಲಿಯ ಕಡಿಮೆ ವೋಲ್ಟೇಜಿನ ಯಂತ್ರವಾದ್ದರಿಂದ ಎಸ್.ಪಿ. ರಸ್ತೆಯಿಂದ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರನ್ನು ತಂದು ಜೋಡಿಸಿ, ಎಲ್ಲವೂ ಸರಿಹೋಯಿತೆಂದು ನಂಬಿ, ಸುಮಾರು ಒಂದು ತಿಂಗಳ ಕಾಲ ಭಕ್ತಿಯಿಂದ ರೆಕಾರ್ಡು ಕೇಳಿದೆ. ಬಸವನಗುಡಿಯಲ್ಲಿ ಸಂಗೀತಪಾಠ ಹೇಳುವ ನನ್ನ ಚಿಕ್ಕಮ್ಮ ಒಂದು ಸಂಜೆ ಮನೆಗೆ ಬಂದವರು, ಅಮ್ಮನ ಕಾಲದ ಒಂದು ಕರ್ನಾಟಕ ಸಂಗೀತದ ಎಲ್‌ಪಿ ತಿರುಗುತ್ತಿದ್ದುದನ್ನು ಬಾಗಿಲಲ್ಲೇ ನಿಂತು ಕೇಳಿ, ಚಪ್ಪಲಿ ಬಿಡುವುದನ್ನೂ ಮರೆತು, "ಯಾರೋ ಇದು, ಗಂಡಸಿನ ಹಾಗೆ ಹಾಡ್ತಿದ್ದಾಳೆ?" ಎಂದರು.

ಟ್ರಾನ್ಸ್‌ಫಾರ್ಮರು ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ವಿದ್ಯುತ್ತಿನ ಆವರ್ತನವನ್ನು ಮುಟ್ಟುವುದಿಲ್ಲ ಎಂಬುದು ನನಗೆ ಹೊಳೆದದ್ದು ಆಗ. ಅಮೆರಿಕದ ವಿದ್ಯುತ್ತು 60 ಹರ್ಟ್ಸ್‌ನದು, ನಮ್ಮದು 50 ಹರ್ಟ್ಸ್‌ನದು. ಆ ಯಂತ್ರದ ಮೋಟಾರು ಆವರ್ತನಕ್ಕೆ ಹೆಜ್ಜೆ ಹಾಕಿ ತಿರುಗುವ ಜಾತಿಯದಾದ್ದರಿಂದ, ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ತಟ್ಟೆ 28 ಸುತ್ತನ್ನೂ ಮುಟ್ಟುತ್ತಿರಲಿಲ್ಲ. ಶ್ರುತಿ ಮೂರು ಸ್ವರಸ್ಥಾನಗಳಷ್ಟು ಕುಸಿದಿತ್ತು. ಎಂದರೆ ಪಂಚಮ ನುಡಿಯಬೇಕಾದ ಕಡೆ ಅಂತರಗಾಂಧಾರ ನುಡಿಯುತ್ತಿತ್ತು. ಕೊನೆಗೆ ಪೀಣ್ಯದ ಒಂದು ಲೇತ್ ಅಂಗಡಿಯಲ್ಲಿ ಮೋಟಾರಿನ ಪುಲ್ಲಿಯನ್ನು ಹಿಂದಿನದರ 1.2 ಪಟ್ಟು ವ್ಯಾಸಕ್ಕೆ ಹಿತ್ತಾಳೆಯಲ್ಲಿ ಕಡೆಸಿಕೊಂಡು ಬಂದೆ. ವೇಗ ಸರಿಯಿದ್ದರೆ ಗೆರೆಗಳು ನಿಂತಂತೆ ಕಾಣುವ, 180 ಗೆರೆಗಳ ಸ್ಟ್ರೋಬ್ ಕಾಗದವನ್ನು ತಟ್ಟೆಯ ಮೇಲಿಟ್ಟು ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೋಡಿದಾಗ ಗೆರೆಗಳು ಕದಲದೆ ನಿಂತವು. ಜಾಝ್ ರೆಕಾರ್ಡುಗಳನ್ನು ಒಂದು ತಿಂಗಳು ತಪ್ಪು ಶ್ರುತಿಯಲ್ಲಿ ಕೇಳಿ, "ಎಂಥ ಗಂಭೀರ ನಾದ" ಎಂದು ಗೆಳೆಯರೆದುರು ಹೊಗಳಿದ್ದವನು ನಾನೇ ಎಂಬುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಇಷ್ಟಾದರೂ ಕಥೆ ಮುಗಿಯಲಿಲ್ಲ. ಚರ್ಚ್ ಸ್ಟ್ರೀಟಿನಲ್ಲಿ ಯಾರದೋ ಮನೆಯಿಂದ ಬಂದ ಹಳೆಯ ಸಾಮಾನಿನ ನಡುವೆ ಸಿಕ್ಕಿದ್ದ, ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ಸನ 'ಕೈಂಡ್ ಆಫ್ ಬ್ಲೂ' ಆಲ್ಬಮ್ ನನ್ನ ಬಳಿ ಇತ್ತು. ಅದರ ಮೊದಲ ರಚನೆಯಾದ 'ಸೋ ವಾಟ್' ಪಾಶ್ಚಾತ್ಯರು ಡಿ ಎನ್ನುವ, ನಮ್ಮವರು ಎರಡು ಮನೆ ಎನ್ನುವ ಶ್ರುತಿಯಲ್ಲಿ, ಡೋರಿಯನ್ ಎಂಬ ಸ್ವರಶ್ರೇಣಿಯಲ್ಲಿ ಇದೆ. ಆ ಸ್ವರಗಳನ್ನು ಸಾಲಾಗಿ ಬರೆದರೆ ಅವು ನಮ್ಮ ಖರಹರಪ್ರಿಯದ ಸ್ವರಗಳೇ. ಈ ಮಾತನ್ನು ಕೇಳಿದ ಚಿಕ್ಕಮ್ಮ ಮುಂದಿನ ಸಲ ಬರುವಾಗ ತಮ್ಮ ಶ್ರುತಿಪೆಟ್ಟಿಗೆಯನ್ನೇ ಚೀಲದಲ್ಲಿ ಹಾಕಿಕೊಂಡು ಬಂದು, ಎರಡು ಮನೆಗೆ ಇಟ್ಟು, ರೆಕಾರ್ಡಿನ ಜೊತೆ ನುಡಿಸಿದರು. ಸೇರಲಿಲ್ಲ. ತಟ್ಟೆಯ ಶ್ರುತಿ ಸ್ವಲ್ಪ ಮೇಲಕ್ಕೆ ನಿಂತಿತ್ತು. ಪೆಟ್ಟಿಗೆಯ ಸಣ್ಣ ತಿರುಪನ್ನು ತಿರುಗಿಸಿದ ಮೇಲಷ್ಟೇ ಹೊಂದಿತು. "ನಿನ್ನ ಪುಲ್ಲಿ ಈಗ ಜಾಸ್ತಿ ಓಡ್ತಿದೆ" ಎಂಬ ಅವರ ತೀರ್ಪನ್ನು ನಾನೂ ನಂಬಿ ಸ್ಟ್ರೋಬ್ ಕಾಗದವನ್ನು ಮತ್ತೆ ಹಿಡಿದೆ. ಗೆರೆಗಳು ಕದಲಲಿಲ್ಲ. ತಟ್ಟೆಯನ್ನು ಮಗುಚಿ ಎರಡನೆಯ ಬದಿಯನ್ನು ಹಾಕಿದರೆ ಅದು ಶ್ರುತಿಗೆ ಸರಿಯಾಗಿಯೇ ಇತ್ತು.

ತಪ್ಪು ಇದ್ದದ್ದು 1959ರಲ್ಲಿ. ಆ ಆಲ್ಬಮ್ಮನ್ನು ನ್ಯೂಯಾರ್ಕಿನ 30ನೆಯ ಬೀದಿಯಲ್ಲಿ, ಹಿಂದೆ ಚರ್ಚ್ ಆಗಿದ್ದ ಕಟ್ಟಡದೊಳಗಿನ ಕೊಲಂಬಿಯಾ ಸ್ಟುಡಿಯೋದಲ್ಲಿ ಎರಡು ದಿನ ಧ್ವನಿಮುದ್ರಿಸಿಕೊಂಡರು: ಮಾರ್ಚ್ 2ರಂದು ಮೊದಲ ಬದಿಯ ಮೂರು ರಚನೆಗಳು, ಏಪ್ರಿಲ್ 22ರಂದು ಎರಡನೆಯ ಬದಿಯ ಎರಡು. ಮಾರ್ಚ್ ತಿಂಗಳ ಆ ದಿನ ಮುಖ್ಯ ಟೇಪ್ ಯಂತ್ರ ತುಸು ನಿಧಾನವಾಗಿ ಓಡುತ್ತಿತ್ತು. ನಿಧಾನವಾಗಿ ಓಡಿದ ಟೇಪನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಸಂಗೀತ ಚುರುಕಾಗಿ ಶ್ರುತಿ ಏರುವುದು ಸಹಜ. ಹಾಗೆ ಏರಿದ ಶ್ರುತಿಯಲ್ಲೇ ಆ ತಟ್ಟೆ ಅಚ್ಚಾಯಿತು, ಮತ್ತೆ ಮತ್ತೆ ಅಚ್ಚಾಯಿತು, ಜಗತ್ತೆಲ್ಲ ಅದನ್ನು ಹಾಗೆಯೇ ಕೇಳಿತು. ಅದೃಷ್ಟವಶಾತ್ ಅದೇ ದಿನ ಪಕ್ಕದಲ್ಲಿ ಇನ್ನೊಂದು ಯಂತ್ರವೂ ಮುಂಜಾಗ್ರತೆಗೆಂದು ಓಡುತ್ತಿತ್ತು, ಅದು ಸರಿಯಾದ ವೇಗದಲ್ಲಿ. 1992ರಲ್ಲಿ ಆ ಎರಡನೆಯ ಟೇಪನ್ನು ಹೊರತೆಗೆದು ಸರಿಪಡಿಸಿದ ಮರುಬಿಡುಗಡೆ ಬಂದಿತು. ಅನಂತರದ ಒಳ್ಳೆಯ ವಿನೈಲ್ ಮರುಮುದ್ರಣಗಳೂ ಆ ದಾರಿಯನ್ನೇ ಹಿಡಿದವು. ಅಂಥ ಒಂದನ್ನು ತರಿಸಿಕೊಂಡು ಹಾಕಿದ ದಿನ ಶ್ರುತಿಪೆಟ್ಟಿಗೆ ತಿರುಪು ಮುಟ್ಟದೆಯೇ ಸೇರಿತು.

ನಾನು ಕಾಲೇಜಿನಲ್ಲಿ ಕನ್ನಡ ಎಂ.ಎ. ಓದಿದವನು, ಬ್ಯಾಂಕಿನಲ್ಲಿ ದುಡಿದವನು. ಗ್ರಂಥಸಂಪಾದನೆಯ ತರಗತಿಯಲ್ಲಿ ನಮ್ಮ ಮೇಷ್ಟ್ರು ಮೊದಲು ಕಲಿಸುತ್ತಿದ್ದ ವಿಷಯವೆಂದರೆ, ಓಲೆಗರಿ ಹಳೆಯದಾದ ಮಾತ್ರಕ್ಕೆ ಅದರ ಪಾಠ ಶುದ್ಧವಾಗಿರಬೇಕಾಗಿಲ್ಲ ಎಂಬುದು. ಈಚಿನ ಒಂದು ಪ್ರತಿ ಇನ್ನೂ ಹಳೆಯ, ಇನ್ನೂ ನಿರ್ದುಷ್ಟವಾದ ತಾಯಿಪ್ರತಿಯಿಂದ ನೇರವಾಗಿ ಇಳಿದಿರಬಹುದು. ಜಾಝ್ ಸಂಗ್ರಾಹಕರಲ್ಲಿ ಮೊದಲ ಮುದ್ರಣವನ್ನು ದೇವರಂತೆ ಕಾಣುವವರ ಜೊತೆ ವಾದಕ್ಕೆ ಬೀಳುವಾಗಲೆಲ್ಲ ನನಗೆ ಆ ತರಗತಿ ನೆನಪಾಗುತ್ತದೆ. 'ಕೈಂಡ್ ಆಫ್ ಬ್ಲೂ' ಮೊದಲ ಮುದ್ರಣದಲ್ಲಿ ಶ್ರುತಿಯಷ್ಟೇ ಅಲ್ಲ, ಅದರಲ್ಲಿ ಆಲ್ಟೋ ಸ್ಯಾಕ್ಸೋಫೋನ್ ನುಡಿಸಿದ್ದ ಕ್ಯಾನನ್‌ಬಾಲ್ ಆಡರ್ಲಿಯ ಹೆಸರಿನ ಕಾಗುಣಿತ ತಪ್ಪಿತ್ತು, ಎರಡನೆಯ ಬದಿಯ ರಚನೆಗಳ ಹೆಸರುಗಳು ಅದಲುಬದಲಾಗಿದ್ದವು. ಲಿಪಿಕಾರನ ಕೈತಪ್ಪು ಎಂದರೆ ಇದೇ. ಹಳೆಯ ಪ್ರತಿಯನ್ನು ಮ್ಯೂಸಿಯಮ್ಮಿನ ವಸ್ತುವಾಗಿ ಇಟ್ಟುಕೊಳ್ಳಲು ನನ್ನ ಅಭ್ಯಂತರವಿಲ್ಲ. ಕೇಳುವುದಕ್ಕಾದರೆ ತಾಯಿಪ್ರತಿಗೆ ಹತ್ತಿರವಾದದ್ದು ನನಗೆ ಸಾಕು.

ಬ್ಲೂ ನೋಟ್ ಕಂಪನಿಯ ತಟ್ಟೆಗಳಲ್ಲಿ ಈ ವಿಚಾರ ಇನ್ನೂ ಸೂಕ್ಷ್ಮವಾಗುತ್ತದೆ, ಏಕೆಂದರೆ ಅಲ್ಲಿ ಧ್ವನಿಮುದ್ರಿಸಿದವರೂ ತಟ್ಟೆಯ ಗೆರೆ ಕೊರೆದವರೂ ಒಬ್ಬರೇ: ರೂಡಿ ವ್ಯಾನ್ ಗೆಲ್ಡರ್. ಅವರು ವೃತ್ತಿಯಿಂದ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವವರು. ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್ ಎಂಬಲ್ಲಿ ತಂದೆತಾಯಿಯರ ಮನೆಯ ಹಜಾರವನ್ನೇ ಸ್ಟುಡಿಯೋ ಮಾಡಿಕೊಂಡಿದ್ದ ಅವರು, 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೋ ಕಟ್ಟಿಕೊಂಡ ಮೇಲೆ ಸಂಗೀತಕ್ಕೇ ಪೂರ್ತಿ ನಿಂತರು. ಆ ಕಾಲದ ಅಗ್ಗದ ಪ್ಲೇಯರುಗಳಲ್ಲಿ ಭಾರಿ ಮಂದ್ರದ ನಾದ ಬಂದರೆ ಮುಳ್ಳು ಗೆರೆಯಿಂದ ಜಿಗಿದುಬಿಡುತ್ತಿದ್ದುದರಿಂದ, ತಟ್ಟೆಗೆ ಕೊರೆಯುವಾಗ ಮಂದ್ರವನ್ನು ತಗ್ಗಿಸುವುದೂ ದನಿಯ ಏರಿಳಿತವನ್ನು ಹತ್ತಿಕ್ಕುವುದೂ ಅವರಿಗೆ ಅನಿವಾರ್ಯವಾಗಿತ್ತು. ಟೇಪಿನಲ್ಲಿದ್ದ ಬಾಸ್ ಪಿಟೀಲು ತಟ್ಟೆಯಲ್ಲಿ ಪೂರ್ತಿ ಇರಲಿಲ್ಲ. 2019ರಲ್ಲಿ ಜೋ ಹಾರ್ಲಿಯವರ ಮೇಲ್ವಿಚಾರಣೆಯಲ್ಲಿ ಆರಂಭವಾದ, ಬ್ಲೂ ನೋಟ್‌ನ ಟೋನ್ ಪೊಯೆಟ್ ಎಂಬ ಮರುಮುದ್ರಣ ಮಾಲಿಕೆಗಾಗಿ ಕೆವಿನ್ ಗ್ರೇ ಅವರು ಮೂಲ ಟೇಪುಗಳಿಂದ ನೇರವಾಗಿ ಹೊಸ ಗೆರೆ ಕೊರೆಯುವಾಗ ಮುಳ್ಳನ್ನು ಹೊತ್ತಿರುವ ಇಂದಿನ ಕಾರ್ಟ್ರಿಜ್‌ಗಳ ತಾಕತ್ತನ್ನು ನಂಬಿ ಆ ಕಡಿವಾಣವನ್ನು ಸಡಿಲಿಸಿದ್ದಾರೆ.

ಆ ಮಾಲಿಕೆಯಲ್ಲಿ ನನ್ನ ಪ್ರೀತಿಯದು ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್‌ನ 'ಬ್ಲೂ ಟ್ರೇನ್'. 1957ರ ಸೆಪ್ಟೆಂಬರ್ 15ರಂದು ಹ್ಯಾಕೆನ್‌ಸ್ಯಾಕಿನ ಆ ಹಜಾರದಲ್ಲಿ ನುಡಿಸಿದ್ದು. ಟ್ರಂಪೆಟ್ ಹಿಡಿದಿದ್ದ ಲೀ ಮಾರ್ಗನ್‌ಗೆ ಆಗ 19 ವರ್ಷ. 2022ರಲ್ಲಿ ಇದು ಮಾನೋದಲ್ಲೂ ಸ್ಟೀರಿಯೋದಲ್ಲೂ ಬೇರೆಬೇರೆಯಾಗಿ ಬಂದಾಗ ಎರಡನ್ನೂ ಕೊಂಡ ಅವಿವೇಕಕ್ಕೆ ಮನೆಯಲ್ಲಿ ಇನ್ನೂ ಕ್ಷಮೆ ಸಿಕ್ಕಿಲ್ಲ. ಸ್ಟೀರಿಯೋದಲ್ಲಿ ಊದುವ ವಾದ್ಯಗಳು ಗೋಡೆಯ ಎರಡು ಮೂಲೆಗಳಿಗೆ ಹಂಚಿಹೋಗುತ್ತವೆ. ಮಾನೋದಲ್ಲಿ ಆರು ಜನರೂ ಒಂದೇ ಜಮಖಾನದ ಮೇಲೆ ಹತ್ತಿರ ಹತ್ತಿರ ಕುಳಿತಂತೆ, ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುವಂತೆ ಕೇಳುತ್ತದೆ. ನನ್ನ ಓಟು ಮಾನೋಗೆ. ಬಾಸ್ ನುಡಿಸಿದ ಪಾಲ್ ಚೇಂಬರ್ಸ್ 'ಕೈಂಡ್ ಆಫ್ ಬ್ಲೂ'ನಲ್ಲಿಯೂ ಇರುವವನು. ಹಳೆಯ ಮುದ್ರಣದಲ್ಲಿ ಅವನು ಪಕ್ಕದ ಕೋಣೆಯಲ್ಲಿದ್ದಾನೆ ಎನಿಸುತ್ತಿದ್ದರೆ, ಇಲ್ಲಿ ತಂತಿಯನ್ನು ಬೆರಳು ಎಳೆದು ಬಿಟ್ಟ ಕ್ಷಣವೂ ಅನಂತರ ಮರದ ಹೊಟ್ಟೆ ತುಂಬುವುದೂ ಬಿಡಿಬಿಡಿಯಾಗಿ ತಿಳಿಯುತ್ತವೆ.

ತಟ್ಟೆಯ ವಂಶಾವಳಿಯೂ ಓಲೆಗರಿಯ ವಂಶಾವಳಿಯ ಹಾಗೆಯೇ ಇದೆ. ಟೇಪಿನ ಸಂಗೀತವನ್ನು ಮೊದಲು ಅರಗಿನಂಥ ಲೇಪವಿರುವ ಅಲ್ಯೂಮಿನಿಯಂ ಫಲಕದ ಮೇಲೆ ಕೊರೆಯುತ್ತಾರೆ. ಅದಕ್ಕೆ ಬೆಳ್ಳಿ ಸಿಂಪಡಿಸಿ, ನಿಕ್ಕಲ್ ಕಟ್ಟಿಸಿ, ಬಿಡಿಸಿದರೆ ಸಿಗುವ ಅಚ್ಚಿಗೆ ಆ ಕಸುಬಿನವರು 'ಅಪ್ಪ' ಎನ್ನುತ್ತಾರೆ. ಅಪ್ಪನಿಂದ 'ಅಮ್ಮ', ಅಮ್ಮನಿಂದ ಸ್ಟಾಂಪರು, ಸ್ಟಾಂಪರಿನಿಂದ ನಮ್ಮ ಕೈಗೆ ಬರುವ ತಟ್ಟೆ. ಒಂದೊಂದು ತಲೆಮಾರಿಗೂ ಒಂದಿಷ್ಟು ಸವಕಳಿ ಸೇರಬಹುದಾದ್ದರಿಂದ ಒಳ್ಳೆಯ ಮರುಮುದ್ರಣದವರು ಈ ಸರಣಿಯನ್ನು ಚಿಕ್ಕದಾಗಿರಿಸಲು, ಒಂದು ಸ್ಟಾಂಪರಿನಿಂದ ತೆಗೆಯುವ ಪ್ರತಿಗಳನ್ನು ಮಿತಿಗೊಳಿಸಲು ಹೆಣಗುತ್ತಾರೆ. 180 ಗ್ರಾಂ ತೂಕದ ಬಗ್ಗೆ ಹೊದಿಕೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಹಾಕಿಕೊಳ್ಳುತ್ತಾರಾದರೂ ನನ್ನ ಅನುಭವದಲ್ಲಿ ತೂಕಕ್ಕೂ ನಾದಕ್ಕೂ ಅಂಥ ನಂಟಿಲ್ಲ. ವೇಗಕ್ಕೆ ಮಾತ್ರ ನಿಜವಾದ ನಂಟಿದೆ. 33⅓ ಸುತ್ತಿನ ತಟ್ಟೆಯ ಹೊರಅಂಚಿನಲ್ಲಿ ಮುಳ್ಳಿನಡಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೆರೆ ಹಾದುಹೋದರೆ, ಲೇಬಲ್ಲಿನ ಹತ್ತಿರ ಬರುವ ಹೊತ್ತಿಗೆ ಅದು 21 ಸೆಂಟಿಮೀಟರಿಗೆ ಇಳಿದಿರುತ್ತದೆ; ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕಾದಾಗ ಸಿಂಬಲ್ಲಿನ ದನಿ ಒರಟಾಗುತ್ತದೆ. ಒಂದು ಆಲ್ಬಮ್ಮನ್ನು ಎರಡು ತಟ್ಟೆಗಳಿಗೆ ಹಂಚಿ 45 ಸುತ್ತಿನಲ್ಲಿ ಅಚ್ಚುಹಾಕುವುದು ಇದಕ್ಕಾಗಿ. ಆದರೆ ಹತ್ತು ಹನ್ನೆರಡು ನಿಮಿಷಕ್ಕೊಮ್ಮೆ ಎದ್ದು ತಟ್ಟೆ ಮಗುಚಬೇಕಾಗುತ್ತದೆ, ನನ್ನ ಮೊಣಕಾಲುಗಳಿಗೆ ಅದು ಒಗ್ಗುವುದಿಲ್ಲ.

ಕಿವಿಯ ಬಗ್ಗೆ ಜಂಬಪಡುವುದನ್ನು ನಾನು 2022ರಲ್ಲಿ ನಿಲ್ಲಿಸಿದೆ. ಅಪ್ಪಟ ಟೇಪಿನಿಂದಲೇ ಬಂದವೆಂದು ಸಂಗ್ರಾಹಕರೆಲ್ಲ ನಂಬಿದ್ದ ಒಂದು ಹೆಸರಾಂತ ಅಮೆರಿಕನ್ ಕಂಪನಿಯ ದುಬಾರಿ ತಟ್ಟೆಗಳಲ್ಲಿ ಅನೇಕವು ನಡುವೆ ಒಂದು ಡಿಜಿಟಲ್ ಹಂತವನ್ನು ದಾಟಿ ಬಂದಿದ್ದವೆಂದು ಆ ವರ್ಷ ಬಯಲಾಯಿತು. "ಡಿಜಿಟಲ್ ಆಗಿದ್ದರೆ ನನಗೆ ಕೂಡಲೇ ತಿಳಿಯುತ್ತದೆ" ಎನ್ನುತ್ತಿದ್ದವರಲ್ಲಿ ಯಾರಿಗೂ ಅಲ್ಲಿಯವರೆಗೆ ಅದು ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಆ ತಟ್ಟೆಗಳು ಚೆನ್ನಾಗಿಯೇ ಇದ್ದವು, ಈಗಲೂ ಚೆನ್ನಾಗಿವೆ. ನನ್ನ ಆಕ್ಷೇಪವಿರುವುದು ವಂಶಾವಳಿಯನ್ನು ಮುಚ್ಚಿಟ್ಟದ್ದಕ್ಕೆ. ಯಾವ ಪ್ರತಿಯಿಂದ ಇಳಿಸಿದೆವೆಂದು ಹೇಳದ ಸಂಪಾದಕನ ಗ್ರಂಥವನ್ನು ನಮ್ಮ ಮೇಷ್ಟ್ರು ಮುಟ್ಟುತ್ತಿರಲಿಲ್ಲ.

ಇಲ್ಲಿ ಕುಳಿತು ಈ ತಟ್ಟೆಗಳನ್ನು ತರಿಸಿಕೊಳ್ಳುವುದು ಸುಲಭವಲ್ಲ. ಸಾಗಣೆ, ಸುಂಕ ಎಲ್ಲ ಸೇರಿದರೆ ಒಂದೊಂದಕ್ಕೆ ನಾಲ್ಕೈದು ಸಾವಿರ ಬೀಳುತ್ತದೆ. ಒಮ್ಮೆ ಏಪ್ರಿಲ್ ತಿಂಗಳಲ್ಲಿ ಬಂದ ಪೊಟ್ಟಣವೊಂದು ಯಾವುದೋ ಬಿಸಿ ಗೋದಾಮಿನಲ್ಲಿ ದಿನಗಟ್ಟಲೆ ಬಿದ್ದಿದ್ದು, ತೆಗೆದು ನೋಡಿದರೆ ತಟ್ಟೆ ಹಪ್ಪಳದಂತೆ ಸೊಟ್ಟಗಾಗಿತ್ತು. ಮಳೆಗಾಲದಲ್ಲಿ ದಪ್ಪ ರಟ್ಟಿನ ಹೊದಿಕೆಗಳಿಗೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳಬೇಕು. ನಮ್ಮ ರಸ್ತೆಯನ್ನು ವರ್ಷಕ್ಕೆರಡು ಸಲ ಅಗೆಯುವವರ ಕೃಪೆಯಿಂದ ಬರುವ ಧೂಳನ್ನು ಪ್ರತಿ ಸಲ ಬ್ರಷ್ಷಿನಿಂದ ತೆಗೆಯದೆ ಮುಳ್ಳಿಡುವಂತಿಲ್ಲ.

ಇತ್ತೀಚೆಗೆ ಹೆಚ್ಚು ಕೇಳುತ್ತಿರುವುದು ಬಾಸ್ ವಾದಕ, ರಚನಕಾರ ಚಾರ್ಲ್ಸ್ ಮಿಂಗಸ್ಸನ 'ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ'ಯ ಮರುಮುದ್ರಣ. 1963ರಲ್ಲಿ ಹನ್ನೊಂದು ಜನರ ಮೇಳ ನುಡಿಸಿದ ಈ ಆಲ್ಬಮ್ಮಿನ ನನ್ನ ಹಳೆಯ ಸಿ.ಡಿ.ಯಲ್ಲಿ ಇಡೀ ಮೇಳ ಒಂದೇ ಮುದ್ದೆಯಾಗಿತ್ತು; ತಟ್ಟೆಯಲ್ಲಿ ಆ ಮುದ್ದೆ ಬಿಡಿಸಿಕೊಂಡು, ಅದರ ಮೇಲೆ ಅಳುವಿನ ಅಂಚಿನಲ್ಲಿರುವ ಒಂದು ಆಲ್ಟೋ ಸ್ಯಾಕ್ಸೋಫೋನ್ ಎದ್ದು ನಿಲ್ಲುತ್ತದೆ. ಅದನ್ನು ನುಡಿಸಿದವರು ಚಾರ್ಲಿ ಮರಿಯಾನೋ. ಇಪ್ಪತ್ತು ವರ್ಷಗಳ ಅನಂತರ ಇದೇ ಮರಿಯಾನೋ, ನಮ್ಮ ಬೆಂಗಳೂರಿನ ಟಿ.ಎ.ಎಸ್. ಮಣಿಯವರು ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದ ಜೊತೆ, ಆರ್.ಎ. ರಮಾಮಣಿಯವರ ಹಾಡಿಗೆ ಸರಿಸಮನಾಗಿ ನುಡಿಸಿದ 'ಜ್ಯೋತಿ' ಎಂಬ ತಟ್ಟೆಯನ್ನು ಜರ್ಮನಿಯ ಇ.ಸಿ.ಎಂ. ಕಂಪನಿ 1983ರಲ್ಲಿ ಹೊರತಂದಿತು. ಅದರ ಒಂದು ಹಳೆಯ ಪ್ರತಿ ಬಹಳ ಹುಡುಕಾಟದ ಮೇಲೆ ನನಗೆ ಸಿಕ್ಕಿತು.

ಚಿಕ್ಕಮ್ಮನಿಗೆ ಮೊದಲು 'ಸೋ ವಾಟ್'ನ ಸರಿ ಶ್ರುತಿಯ ತಟ್ಟೆಯನ್ನು ಹಾಕಿದೆ. ಹದಿನಾರು ಆವರ್ತಗಳ ಬಳಿಕ ಇಡೀ ಮೇಳ ಅರ್ಧ ಸ್ವರ ಮೇಲಕ್ಕೆ ಜಿಗಿಯುವ ಕಡೆ ಅವರು ಹುಬ್ಬು ಗಂಟಿಕ್ಕಿ, "ಷಡ್ಜವನ್ನೇ ಎತ್ತಿಟ್ಟುಬಿಟ್ರಲ್ಲೋ!" ಎಂದು ಶ್ರುತಿಪೆಟ್ಟಿಗೆ ಆರಿಸಿದರು. ಆಮೇಲೆ 'ಜ್ಯೋತಿ' ಹಾಕಿದೆ. ತೊಡೆಯ ಮೇಲೆ ತಾಳ ಹಾಕುತ್ತ ಎರಡೂ ಬದಿಗಳನ್ನು ಮಾತಿಲ್ಲದೆ ಕೇಳಿದರು. ಹೊರಡುವಾಗ, ಪಾಠಕ್ಕೆ ಬರುವ ಮಕ್ಕಳಿಗೆ ತೋರಿಸುತ್ತೇನೆಂದು ಅದನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡರು. ಸೆರಗಿನಲ್ಲಿ ಒರೆಸಬಾರದೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ತಟ್ಟೆ ಆರು ತಿಂಗಳಿಂದ ಅವರ ಮನೆಯಲ್ಲೇ ಇದೆ. ಅವರ ಮನೆಯಲ್ಲಿ ಟರ್ನ್‌ಟೇಬಲ್ ಇಲ್ಲ.